ಕರುಳು, ಕರಳ್, ಕಾಳೀಜ: ಬೇಟೆಯ ಒಳಾಂಗಗಳ ಅಡುಗೆಯೂ ಗಡಿಗನ್ನಡದ ಹೆಸರುಗಳೂ

ಕಾಸರಗೋಡಿನ ಕನ್ನಡದಲ್ಲಿ ಕರುಳು ಎಂದರೆ ಜಠರದಿಂದ ಕೆಳಕ್ಕೆ ಸುರುಳಿಗಟ್ಟಿಕೊಂಡಿರುವ ನಾಳ. ಅದೇ ಪೇಟೆಯ ಮಲಯಾಳದಲ್ಲಿ ಕರಳ್ ಎಂದರೆ ಯಕೃತ್ತು. ಕನ್ನಡಿಗರ ಕರುಳಿಗೆ ಅಲ್ಲಿ ಕುಡಲ್ ಎಂದು ಹೆಸರು. ಈ ಎರಡೂ ಪದಗಳನ್ನು ದ್ರಾವಿಡ ಪದಮೂಲ ನಿಘಂಟು ಒಂದೇ ಬೇರಿಗೆ ಸೇರಿಸುತ್ತದೆ. ಒಂದೇ ಬೇರಿನ ಮಾತು ಗಡಿಯ ಈಚೆಗೆ ಒಂದು ಅಂಗವನ್ನೂ ಆಚೆಗೆ ಮತ್ತೊಂದು ಅಂಗವನ್ನೂ ಹಿಡಿದು ನಿಂತಿರುವುದು ಹೇಗೆ? ಸೋಲಾಪುರದ ಕಡೆ ಹೋದರೆ ಮರಾಠಿಯ ಕಾಳೀಜ ಇದೇ ಬಗೆಯ ತೊಡಕನ್ನು ಒಡ್ಡುತ್ತದೆ: ಕಟುಕನ ಹಲಗೆಯ ಮೇಲೆ ಅದು ಯಕೃತ್ತು, ಹಾಡಿನಲ್ಲಿ ಅದು ಹೃದಯ. ಕನ್ನಡದ ಗುಂಡಿಗೆಗೂ ತೆಲುಗಿನ ಗುಂಡೆಗೂ ಹೃದಯವೆಂದೇ ಅರ್ಥವಾದರೆ, ಅವುಗಳ ಬಳಗದ್ದೇ ಆದ ತಮಿಳಿನ ಕುಂಡಿಕ್ಕಾಯ್ ಮೂತ್ರಪಿಂಡದ ಹೆಸರು. ಕೈ, ಕಾಲು, ಕಣ್ಣು, ಮೂಗುಗಳ ಹೆಸರುಗಳಲ್ಲಿ ಇಷ್ಟೊಂದು ಜಾರಾಟ ಕಾಣುವುದಿಲ್ಲ. ಒಡಲೊಳಗಿನ ಅಂಗಗಳ ಹೆಸರುಗಳಲ್ಲಿ ಮಾತ್ರ ಅದು ಎದ್ದು ಕಾಣುತ್ತದೆ. ಇದಕ್ಕೆ ಕಾರಣವನ್ನು ಅಂಗರಚನಾಶಾಸ್ತ್ರದ ಪುಸ್ತಕದಲ್ಲಿ ಹುಡುಕಿದರೆ ಸಿಗಲಾರದು. ಪ್ರಾಣಿಯನ್ನು ಕೊಂದು, ಸೀಳಿ, ಒಳಗಿನದನ್ನು ಹೊರತೆಗೆದು ಬೇಯಿಸಿ ತಿಂದವರ ಕೈಗೆಲಸದಲ್ಲಿ ಹುಡುಕಬೇಕು.

ಬೇಟೆಯ ಮಿಕ ನೆಲಕ್ಕೆ ಬಿದ್ದ ಕೂಡಲೇ ಮಾಡಬೇಕಾದ ಕೆಲಸ ಹೊಟ್ಟೆ ಬಗೆಯುವುದು. ಇದರಲ್ಲಿ ತಡಮಾಡಲು ಆಸ್ಪದವಿಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಹುಲ್ಲು ಹುಳಿಯುತ್ತಲೇ ಇರುತ್ತದೆ. ಉಸಿರು ನಿಂತ ಮೇಲೂ ಆ ಹುಳಿಯುವಿಕೆ ನಿಲ್ಲದೆ ಹೊಟ್ಟೆ ಉಬ್ಬುತ್ತದೆ, ಒಳಗಿನ ಶಾಖ ಇಳಿಯುವುದಿಲ್ಲ, ಕರುಳಿನ ಸೂಕ್ಷ್ಮಜೀವಿಗಳು ಮಾಂಸದೊಳಕ್ಕೆ ದಾಟತೊಡಗುತ್ತವೆ. ಕರುಳಿನಿಂದ ಬರುವ ರಕ್ತ ಮೊದಲು ಸೇರುವುದೇ ಯಕೃತ್ತನ್ನು. ಆದ್ದರಿಂದ ಮೊದಲು ಕೆಡುವುದೂ ಅದೇ. ತೊಡೆಯ ಮಾಂಸವನ್ನು ಸೀಳಿ ಉಪ್ಪು ಹಚ್ಚಿ ಒಣಗಿಸಬಹುದು, ಹೊಗೆಯ ಮೇಲೆ ತೂಗುಹಾಕಬಹುದು, ಮಾರನೆಯ ದಿನಕ್ಕೆ ಹೊತ್ತೊಯ್ಯಬಹುದು. ಯಕೃತ್ತಿಗೆ ಈ ಯಾವ ಉಪಾಯವೂ ಸರಿಹೋಗುವುದಿಲ್ಲ. ಬೆಚ್ಚನೆಯ ನಾಡಿನಲ್ಲಿ ಅದನ್ನು ಅಂದೇ, ಸಾಧ್ಯವಾದರೆ ಅಲ್ಲೇ, ತಿನ್ನಬೇಕು. ಜಗತ್ತಿನ ಹಲವು ಬೇಟೆಗಾರ ಸಮುದಾಯಗಳಲ್ಲಿ ಯಕೃತ್ತು ಮತ್ತು ಗುಂಡಿಗೆಗಳು ಕಾಡಿನಲ್ಲೇ ಕೆಂಡದ ಮೇಲೆ ಬೆಂದು ಬೇಟೆಯಾಡಿದವರಿಗೆ ಸಲ್ಲುತ್ತವೆ, ಮಿಕ್ಕ ಮಾಂಸ ಊರಿಗೆ ಬಂದು ಪಾಲಾಗುತ್ತದೆ. ಈ ಪದ್ಧತಿಗೆ ವೀರದ ವ್ಯಾಖ್ಯಾನಗಳನ್ನು ಹೇಳುವುದುಂಟು. ಅವನ್ನು ಅಲ್ಲಗಳೆಯಬೇಕಾಗಿಲ್ಲ, ಆದರೆ ಯಕೃತ್ತು ಊರು ತಲಪುವಷ್ಟು ಹೊತ್ತು ಬಾಳುವುದಿಲ್ಲ ಎಂಬ ಸರಳ ಸಂಗತಿಯನ್ನು ಮೊದಲು ಇಟ್ಟುಕೊಳ್ಳಬೇಕು.

ಹೊಟ್ಟೆ ಬಗೆದವನ ಕೈಗೆ ಅಂಗಗಳು ಒಂದೊಂದಾಗಿ ಬರುವುದಿಲ್ಲ. ಗಂಟಲ ನಾಳವನ್ನು ಕತ್ತರಿಸಿ ಕೆಳಕ್ಕೆ ಎಳೆದಾಗ ಶ್ವಾಸಕೋಶ, ಅದರ ನಡುವೆ ಹೃದಯ, ವಪೆಯನ್ನು ಬಿಡಿಸಿದರೆ ಅದರ ಬೆನ್ನಿಗೆ ಯಕೃತ್ತು, ಹೀಗೆ ಒಂದಕ್ಕೊಂದು ಜೋತುಕೊಂಡ ಗೊಂಚಲಾಗಿ ಬರುತ್ತವೆ. ಆ ಗೊಂಚಲಿಗೆ ತಮಿಳಿನಲ್ಲಿ ಸೊಗಸಾದ ಹೆಸರಿದೆ: ಈರಕ್ಕುಲೈ. ಈರಲ್ ಎಂದರೆ ಯಕೃತ್ತು, ಕುಲೈ ಎಂದರೆ ಗೊನೆ. ಭಯದಿಂದ ಒಡಲು ನಡುಗಿತು ಎನ್ನಬೇಕಾದಾಗ ತಮಿಳರು ಈರಕ್ಕುಲೈ ನಡುಗಿತು ಎನ್ನುತ್ತಾರೆ. ಕರಳ್ ಎಂಬ ಮಲಯಾಳ ಪದಕ್ಕೆ ಹಳೆಯ ನಿಘಂಟುಗಳು ಕೊಡುವ ಅರ್ಥವೂ ಇಂಥದೇ: ಶ್ವಾಸಕೋಶ ಮತ್ತು ಹೃದಯ, ಯಕೃತ್ತು, ಕರುಳು, ಅದರಾಚೆ ಮನಸ್ಸು. ಅಂದರೆ ಆ ಪದ ಮೊದಲು ಒಂದು ಅಂಗವನ್ನಲ್ಲ, ಕೈಗೆ ಸಿಕ್ಕ ಇಡೀ ಗೊಂಚಲನ್ನು ಹೆಸರಿಸಿತ್ತು. ಕಾಲಕ್ರಮದಲ್ಲಿ ಮಲಯಾಳದಲ್ಲಿ ಅದು ಗೊಂಚಲಿನ ತೂಕದ ಭಾಗವಾದ ಯಕೃತ್ತಿನ ಮೇಲೂ ಕನ್ನಡದಲ್ಲಿ ಉದ್ದದ ಭಾಗವಾದ ನಾಳದ ಮೇಲೂ ನೆಲೆಗೊಂಡಿತು ಎಂದು ಊಹಿಸಿದರೆ ಎರಡೂ ಕಡೆಯ ಬಳಕೆ ಹೊಂದಿಕೊಳ್ಳುತ್ತದೆ. ಪ್ರೀತಿಯ ಅರ್ಥವನ್ನಂತೂ ಎರಡು ಭಾಷೆಗಳೂ ಬಿಟ್ಟುಕೊಡಲಿಲ್ಲ. ಕನ್ನಡದ ತಾಯಿಗೆ ಮಗು ಕರುಳ ಕುಡಿ; ಮಲಯಾಳದ ಪ್ರೇಮಿಗೆ ನಲ್ಲೆಯೇ ಕರಳ್. ಬೇರೆ ಬೇರೆ ಅಂಗಗಳನ್ನು ಹಿಡಿದು ಇಬ್ಬರೂ ಒಂದೇ ಮಾತನ್ನು ಆಡುತ್ತಿದ್ದಾರೆ.

ಇದು ಕೇವಲ ಪದಕುತೂಹಲವಲ್ಲ. ಗಡಿನಾಡಿನ ದ್ವಿಭಾಷಿಯೊಬ್ಬ ಬೇಟೆಯ ಕಥನವನ್ನೋ, ಕುಲದೇವತೆಯ ಎಡೆಯ ವಿವರವನ್ನೋ, ಒಂದು ರೋಗದ ದೂರನ್ನೋ ಭಾಷೆಯಿಂದ ಭಾಷೆಗೆ ದಾಟಿಸುವಾಗ ಎಡವುವುದು ಇಂಥ ಕಡೆಯಲ್ಲೇ. ಅಪರಿಚಿತ ಪದ ಬಂದರೆ ಅನುವಾದಕ ನಿಘಂಟು ತೆರೆಯುತ್ತಾನೆ. ಪರಿಚಿತವೆಂದು ತೋರುವ ಪದಕ್ಕೆ ಯಾರೂ ತೆರೆಯುವುದಿಲ್ಲ. ಕರುಳು ನೋಯುತ್ತಿದೆ ಎಂಬ ಕನ್ನಡ ರೋಗಿಯ ಮಾತು ಮಲಯಾಳ ಬಲ್ಲ ವೈದ್ಯನ ಕಿವಿಯಲ್ಲಿ ಬೇರೆಯೇ ಅಂಗವನ್ನು ತಟ್ಟಬಲ್ಲುದು.

ತಮಿಳು ಈ ವಿಷಯದಲ್ಲಿ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಹೊಸೂರು, ತಾಳವಾಡಿಗಳ ಕನ್ನಡಿಗರ ಕಿವಿಗೆ ನಿತ್ಯ ಬೀಳುವ ಮೂರು ಪದಗಳನ್ನು ತೆಗೆದುಕೊಳ್ಳಬಹುದು: ಕಲ್ಲೀರಲ್, ಮಣ್ಣೀರಲ್, ನುರೈಯೀರಲ್. ಕಲ್ಲಿನ ಈರಲ್ ಯಕೃತ್ತು, ಮಣ್ಣಿನ ಈರಲ್ ಪ್ಲೀಹ, ನೊರೆಯ ಈರಲ್ ಶ್ವಾಸಕೋಶ. ಮೂರನ್ನೂ ಒಂದೇ ಕುಲಕ್ಕೆ ಸೇರಿಸಿ ಮುಟ್ಟಿದಾಗಿನ ಗುಣದಿಂದ ಬೇರ್ಪಡಿಸಿರುವ ಈ ಬಗೆ ಪಾಠಶಾಲೆಯದಲ್ಲ, ಬೆರಳಿನದು. ಗಟ್ಟಿಯಾಗಿ ತೂಗುವುದು ಕಲ್ಲು. ಅದುಮಿದರೆ ಹಸಿಮಣ್ಣಿನಂತೆ ಕುಸಿಯುವುದು ಮಣ್ಣು. ಕೊಯ್ದರೆ ಗುಳ್ಳೆಯೇಳುವುದು, ಕುದಿಸಿದರೆ ಪಾತ್ರೆಯಲ್ಲಿ ತೇಲುವುದು ನೊರೆ. ಅಡುಗೆಯ ವಿಧಾನವೂ ಈ ಹೆಸರುಗಳಲ್ಲೇ ಅಡಗಿದೆ. ನೊರೆಯುಳ್ಳದ್ದನ್ನು ಮೊದಲು ಬೇಯಿಸಿ ನೀರು ಚೆಲ್ಲಬೇಕು, ಕಲ್ಲಿನಂಥದನ್ನು ಬೇಗ ಹುರಿದು ಇಳಿಸಬೇಕು. ಕನ್ನಡದ ಶಾಲಾಪುಸ್ತಕ ಈ ಮೂರಕ್ಕೂ ಯಕೃತ್ತು, ಪ್ಲೀಹ, ಶ್ವಾಸಕೋಶ ಎಂಬ ಸಂಸ್ಕೃತ ಪದಗಳನ್ನು ಒಪ್ಪಿಸಿ ಕೈತೊಳೆದುಕೊಂಡಿತು. ಹಳೆ ಮೈಸೂರಿನ ಕಡೆಯ ಈಲಿ ಎಂಬ ಪದ ತಮಿಳಿನ ಈರಲ್‌ಗೆ ಹತ್ತಿರದ ಧ್ವನಿಯದಾದರೂ ಅದು ಶಿಷ್ಟ ಬರವಣಿಗೆಯನ್ನು ಪ್ರವೇಶಿಸಲಿಲ್ಲ. ಇಂದು ಮಾಂಸದಂಗಡಿಯಲ್ಲಿ ಕೇಳುವುದು ಹೆಚ್ಚಾಗಿ ಲಿವರ್ ಎಂಬ ಇಂಗ್ಲಿಷ್ ಮಾತೇ.

ಉತ್ತರದ ಗಡಿಯಲ್ಲಿ ಸಂಸ್ಕೃತದ ಕಾಲೇಯ ಎಂಬ ಪದದ ಸಂತತಿ ಹರಡಿದೆ. ಯಕೃತ್ತೆಂಬ ಅರ್ಥದ ಅದೇ ಪದ ಹಿಂದೂಸ್ತಾನಿಯಲ್ಲಿ ಕಲೇಜಾ, ಮರಾಠಿಯಲ್ಲಿ ಕಾಳೀಜ, ತೆಲುಗಿನ ಗ್ರಂಥಭಾಷೆಯಲ್ಲಿ ಕಾಲೇಯಂ. ತೆಲುಗಿನ ಮಾಂಸದಂಗಡಿಯ ಮಾತು ಕಾರ್ಜಂ. ಗೋವೆಯ ಕೊಂಕಣಿಯಲ್ಲಿ ಕಾಳೀಜ್ ಪೂರಾ ಹೃದಯವಾಗಿಬಿಟ್ಟಿದೆ. ಮರಾಠಿಯಲ್ಲಿ ಕಾಳೀಜದ ಮಗ್ಗುಲಲ್ಲೇ ಬೆಳೆದ ಕಾಳಜಿ ಎಂಬ ಪದ ಕನ್ನಡಕ್ಕೆ ಬಂದು ಎಷ್ಟು ಒಗ್ಗಿಹೋಗಿದೆಯೆಂದರೆ, ಸಾರ್ವಜನಿಕ ಹಿತದ ಕಾಳಜಿಯನ್ನು ಕುರಿತು ಬರೆಯುವ ಯಾವ ಅಧಿಕಾರಿಗೂ ತಾನು ಯಕೃತ್ತಿನ ನೆರೆಯ ಮಾತನ್ನು ಬಳಸುತ್ತಿದ್ದೇನೆಂಬ ಅರಿವಿರಲಾರದು. ಬೋಟಿ ಎಂಬುದರ ಕಥೆಯೂ ಹೀಗೆಯೇ ವಕ್ರವಾದದ್ದು. ಹಿಂದೂಸ್ತಾನಿಯಲ್ಲಿ ಬೋಟಿಯೆಂದರೆ ಮಾಂಸದ ತುಣುಕು, ಯಾವ ಭಾಗದ್ದಾದರೂ ಸರಿ. ಕನ್ನಡ ಮತ್ತು ತೆಲುಗುಗಳಲ್ಲಿ ಅದು ಜಠರ ಮತ್ತು ಕರುಳು. ಪಶ್ಚಿಮ ತೆಲಂಗಾಣದಲ್ಲಿ ಉರ್ದು, ತೆಲುಗು, ಕನ್ನಡ ಮೂರನ್ನೂ ಆಡುವ ಮನೆಗಳಲ್ಲಿ ಬೋಟಿ ತಾ ಎಂದು ಹೇಳಿದರೆ ಯಾವುದು ಬರುತ್ತದೆಂಬುದು ಹೇಳಿದವರು ಯಾರು, ಕೇಳಿದವರು ಯಾರು ಎಂಬುದನ್ನು ಅವಲಂಬಿಸಿದೆ.

ಇಲ್ಲಿಯವರೆಗಿನ ಹೆಸರುಗಳನ್ನೆಲ್ಲ ಆಡು–ಕುರಿಗಳ ಮೇಲೂ ಹೇಳಬಹುದು. ಬೇಟೆಯ ಮಿಕಕ್ಕೇ ಸೇರಿದ ತಿಳಿವಳಿಕೆ ಬೇರೆ ಇದೆ. ಅದನ್ನು ತೋರಿಸಲು ಪಿತ್ತಕೋಶವೊಂದೇ ಸಾಕು. ಆಡನ್ನು ಕೊಯ್ಯುವವರು ಯಕೃತ್ತಿಗೆ ಅಂಟಿಕೊಂಡ ಹಸಿರು ಚೀಲವನ್ನು ಒಡೆಯದಂತೆ, ಸುತ್ತಲಿನ ಸ್ವಲ್ಪ ಮಾಂಸವನ್ನೂ ಸೇರಿಸಿ, ಮೊದಲು ಬಿಡಿಸಿ ಎಸೆಯುತ್ತಾರೆ. ಪಿತ್ತ ಚೆಲ್ಲಿದರೆ ಆ ಕಹಿ ಎಷ್ಟು ತೊಳೆದರೂ ಹೋಗದು. ಕಾಡುಹಂದಿಯಲ್ಲೂ ಮೊಲದಲ್ಲೂ ಇದೇ ಎಚ್ಚರ ಬೇಕು. ಆದರೆ ಕಡವೆ, ಚುಕ್ಕೆಜಿಂಕೆಗಳಲ್ಲಿ ಹುಡುಕಿದರೂ ಆ ಚೀಲ ಸಿಗುವುದಿಲ್ಲ. ಕವಲುಗೊಂಬಿನ ಮಿಕಗಳ ಕುಲಕ್ಕೆ ಸಾಮಾನ್ಯವಾಗಿ ಪಿತ್ತಕೋಶವೇ ಇಲ್ಲ. ಅವುಗಳ ಪಿತ್ತರಸ ನೇರವಾಗಿ ಕರುಳಿಗೆ ಇಳಿಯುತ್ತದೆ. ವಯನಾಡು, ತಾಳವಾಡಿಗಳ ಕಾಡಿನಲ್ಲಿ ಬೇಟೆಯಾಡಿದವರಿಗೆ ಇದು ಗೊತ್ತಿರಲೇಬೇಕಾಗಿದ್ದ ಸಂಗತಿ. ಜತ್ತ, ಅಕ್ಕಲಕೋಟೆಗಳ ಬಯಲಿನಲ್ಲಿ ಜಿಂಕೆಯೆಂದು ಕರೆಯುವ ಚಿಗರಿಯಾದರೋ ಕಡವೆಯ ಕುಲದ್ದಲ್ಲ. ಅದು ಕೃಷ್ಣಮೃಗ, ಕೊಂಬು ಉದುರದ ಪ್ರಾಣಿ, ಆಡಿನ ಬಳಗದ್ದು. ಜಿಂಕೆ ಎಂಬ ಒಂದೇ ಕನ್ನಡ ಪದ ಮಲೆನಾಡಿನಲ್ಲಿ ಒಂದು ಪ್ರಾಣಿಗೂ ಬಯಲುನಾಡಿನಲ್ಲಿ ಮತ್ತೊಂದು ಪ್ರಾಣಿಗೂ ಸಲ್ಲುವುದರಿಂದ, ಜಿಂಕೆಯ ಯಕೃತ್ತನ್ನು ಹೇಗೆ ಬಿಡಿಸುತ್ತಿದ್ದರು ಎಂಬ ಪ್ರಶ್ನೆಗೆ ಎರಡು ಗಡಿಗಳಿಂದ ಎರಡು ಉತ್ತರ ಬಂದರೆ ಅದು ಮಾಹಿತಿದಾರರ ತಪ್ಪಲ್ಲ.

ಒಳಾಂಗಗಳ ಅಡುಗೆಯನ್ನು ವಿವರವಾಗಿ ಬರೆದಿಟ್ಟ ಕನ್ನಡ ನಾಡಿನ ಹಳೆಯ ಗ್ರಂಥ ಕನ್ನಡದಲ್ಲಿಲ್ಲ, ಸಂಸ್ಕೃತದಲ್ಲಿದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಸುಮಾರು 1129ರ ಕೃತಿ. ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಅದರ ಮೂರು ಸಂಪುಟಗಳು 1925ರಿಂದ 1961ರವರೆಗೆ ಹೊರಬಂದವು. ಅರಸನ ಭೋಗಗಳ ನಡುವೆ ಅನ್ನಭೋಗಕ್ಕೂ ವಿನೋದಗಳ ನಡುವೆ ಮೃಗಯೆಗೂ ಸ್ಥಾನ ಕೊಟ್ಟಿರುವ ಈ ಗ್ರಂಥ ಬೇಟೆ ಮತ್ತು ಅಡುಗೆಮನೆಗಳನ್ನು ಒಂದೇ ಹೊದಿಕೆಯೊಳಗೆ ತಂದಿದೆ. ಸೋಲಾಪುರ, ಅಕ್ಕಲಕೋಟೆ, ಪಶ್ಚಿಮ ತೆಲಂಗಾಣ, ಆದವಾನಿಗಳೆಲ್ಲ ಆಗ ಆ ರಾಜ್ಯದ ಒಳನಾಡುಗಳೇ ಆಗಿದ್ದುದರಿಂದ ಗಡಿನಾಡಿನ ಅಧ್ಯಯನಕ್ಕೆ ಇದು ಹೊರಗಿನ ಆಧಾರವಲ್ಲ.

ಅದರಲ್ಲಿ ಹಂದಿಯ ಸಿದ್ಧತೆ ಹೀಗಿದೆ: ಮೈಗೆ ಬಿಳಿಯ ಬಟ್ಟೆ ಹೊದಿಸಿ ಕುದಿನೀರನ್ನು ಸುರಿದು ಕೂದಲು ಕೀಳಬೇಕು, ಇಲ್ಲವೇ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು. ಬಟ್ಟೆ ಹೊದಿಸುವುದು ಬಿಸಿ ಒಂದೆಡೆ ಹರಿದುಹೋಗದೆ ಚರ್ಮದ ಮೇಲೆ ನಿಲ್ಲಲೆಂದು. ಹಂದಿ ಕೊಯ್ಯುವವರು ಇಂದು ಗೋಣಿತಟ್ಟು ಹೊದಿಸುವುದು ಇದೇ ಕಾರಣಕ್ಕೆ. ಮಾಂಸವನ್ನು ತಾಳೆಗರಿಯಷ್ಟು ತೆಳುವಾಗಿ ಸೀಳಿ ಮಸಾಲೆಯ ಮೊಸರಿನಲ್ಲಿ ಹಾಕುವ ಬಗೆಯೂ ಅಲ್ಲಿದೆ. ಯಕೃತ್ತಿನ ಪಾಕ ಇನ್ನೂ ನಾಜೂಕಿನದು. ಅದನ್ನು ಅಡಕೆಯ ಗಾತ್ರ–ಆಕಾರಕ್ಕೆ ಕತ್ತರಿಸಿ, ಕೆಂಡದ ಮೇಲೆ ಸುಟ್ಟು, ಬಳಿಕ ಸಂಬಾರಗಳೊಡನೆ ಹುರಿದು, ಕೊನೆಗೆ ಮೊಸರಿನಲ್ಲೋ ಕರಿಸಾಸಿವೆಯ ರಸದಲ್ಲೋ ಹಾಕಬೇಕು. ಕರುಳಿಗೆ ಮಜ್ಜೆ ಮತ್ತು ಸಂಬಾರಗಳನ್ನು ತುಂಬಿ ಕೆಂಡದ ಮೇಲೆ ಸುಡುವ ಪಾಕಕ್ಕೆ ಮಂಡಲೀಯ ಎಂದು ಹೆಸರು. ಹೊಲದ ಇಲಿಯನ್ನು ಬಾಲ ಹಿಡಿದು ಕಾದೆಣ್ಣೆಯಲ್ಲದ್ದಿ ಕೂದಲು ತೆಗೆಯುವ ವಿಧಾನವನ್ನು ಕೂಡ ಅರಸ ಬಿಟ್ಟಿಲ್ಲ. ಅರಮನೆಯ ಊಟವೂ ಹೊಲದ ಬೇಟೆಯೂ ಬೇರೆ ಬೇರೆ ಜಗತ್ತುಗಳೆಂದು ತಿಳಿದವರು ಈ ಭಾಗವನ್ನು ಒಮ್ಮೆ ಓದಬೇಕು.

ಯಕೃತ್ತನ್ನು ಎರಡು ಸಲ ಬೇಯಿಸುವ ಈ ಕ್ರಮವನ್ನು ಬರಿಯ ರುಚಿಯ ಚಪಲವೆನ್ನಲಾಗದು. ಯಕೃತ್ತಿನಲ್ಲಿ ನಾರು ಕಡಿಮೆ, ಕೊಬ್ಬು ಕಡಿಮೆ, ರಕ್ತ ಹೆಚ್ಚು. ಕಾಡಿನ ಮಿಕದಲ್ಲಿ ಕೊಬ್ಬು ಇನ್ನೂ ಕಡಿಮೆ. ಆದಕಾರಣವೇ ನೆಣಕ್ಕೆ ಅಷ್ಟು ಬೆಲೆ. ದೊಡ್ಡ ತುಂಡನ್ನು ಒಳಗಿನವರೆಗೆ ಬೇಯಿಸಹೊರಟರೆ ಹೊರಭಾಗ ಹೊಟ್ಟಿನಂತೆ ಉದುರುತ್ತದೆ. ಹೊರಭಾಗ ಮೆತ್ತಗಿರುವಾಗಲೇ ಇಳಿಸಿದರೆ ಒಳಗೆ ಹಸಿ ಉಳಿಯುತ್ತದೆ. ಅಡಕೆಯಷ್ಟು ಚಿಕ್ಕ ತುಂಡು ಈ ಇಕ್ಕಟ್ಟನ್ನು ಪರಿಹರಿಸುತ್ತದೆ, ಮೊಸರು ಹೋದ ತೇವವನ್ನು ಹಿಂತಿರುಗಿಸುತ್ತದೆ, ಸಾಸಿವೆಯ ಘಾಟು ರಕ್ತದ ವಾಸನೆಯನ್ನು ಮುಚ್ಚುತ್ತದೆ. ಗುಂಡಿಗೆ ಇದಕ್ಕೆ ತದ್ವಿರುದ್ಧ. ಅದು ಒಂದು ಕ್ಷಣವೂ ಬಿಡುವಿಲ್ಲದೆ ದುಡಿದ ಸ್ನಾಯು. ತೆಳುವಾಗಿ ಕೊಯ್ದು ಸುಡಬೇಕು, ಅಥವಾ ಬಹಳ ಹೊತ್ತು ಬೇಯಿಸಬೇಕು. ಮೂತ್ರಪಿಂಡವನ್ನು ಸೀಳಿ ನಡುವಿನ ಬಿಳಿಯ ತಿರುಳನ್ನು ತೆಗೆಯದಿದ್ದರೆ ಹೆಸರಿಗೆ ತಕ್ಕ ವಾಸನೆ ಉಳಿಯುತ್ತದೆ. ಕರುಳನ್ನು ಕಡ್ಡಿಯಿಂದ ಒಳಹೊರಗು ಮಾಡಿ, ಉಪ್ಪು–ಅರಿಸಿನದಲ್ಲಿ ಉಜ್ಜಿ, ಹಲವು ನೀರು ಬದಲಿಸಿ ತೊಳೆಯುವ ಕೆಲಸ ಅಡುಗೆಗಿಂತ ದೊಡ್ಡದು. ಬೇಟೆಯ ಕಥನಗಳಲ್ಲಿ ಈಡು ಹೊಡೆದವನ ಹೆಸರು ಉಳಿಯುತ್ತದೆ. ಕರುಳು ತೊಳೆದವರ ಹೆಸರು ಎಲ್ಲಿಯೂ ಬರುವುದಿಲ್ಲ.

ಆರೋಗ್ಯದ ದೃಷ್ಟಿಯಿಂದಲೂ ಚೆನ್ನಾಗಿ ಬೇಯಿಸುವುದೇ ಸರಿ. ಜಪಾನಿನಲ್ಲಿ ಜಿಂಕೆಯ ಹಸಿಮಾಂಸ ತಿಂದವರಿಗೆ ಹೆಪಟೈಟಿಸ್ ಇ ತಗುಲಿದುದನ್ನು 2003ರಲ್ಲಿ ವೈದ್ಯಸಂಶೋಧಕರು ಖಚಿತಪಡಿಸಿದರು. ಕಾಡುಹಂದಿಯ ಯಕೃತ್ತೂ ಅದೇ ವೈರಾಣುವಿನ ನೆಲೆ. ಯಕೃತ್ತಿನ ಮೇಲಿನ ಬಿಳಿಯ ಚುಕ್ಕೆ, ನೀರುಗುಳ್ಳೆ, ಗಂಟುಗಳನ್ನು ನೋಡಿ ಇಡೀ ಪ್ರಾಣಿಯ ಆರೋಗ್ಯವನ್ನು ಅಳೆಯುವುದು ಇಂದಿನ ಮಾಂಸಪರೀಕ್ಷಕರ ಕ್ರಮ. ಬೇಟೆಗಾರರೂ ಮೊದಲು ನೋಡುತ್ತಿದ್ದುದು ಅದನ್ನೇ.

ಕನ್ನಡದ ಪಾಕಗ್ರಂಥಗಳತ್ತ ತಿರುಗಿದರೆ ಮೌನ ಎದುರಾಗುತ್ತದೆ. ಎರಡನೆಯ ಚಾವುಂಡರಾಯನ ಲೋಕೋಪಕಾರ 11ನೆಯ ಶತಮಾನದ್ದು, ಮೂರನೆಯ ಮಂಗರಸನ ಸೂಪಶಾಸ್ತ್ರ 16ನೆಯ ಶತಮಾನದ ಮೊದಲ ಭಾಗದ್ದು. ಇಬ್ಬರ ಅಡುಗೆಯೂ ಸಸ್ಯಾಹಾರ. ಹೀಗಾಗಿ ಕರುಳ್, ನೆಣ, ಮಿದುಳ್, ಅಡಗು, ಗುಂಡಿಗೆ ಎಂಬ ಅಚ್ಚಗನ್ನಡ ಪದಗಳಿಗೆ ಅಡುಗೆಯ ಗ್ರಂಥದಲ್ಲಿ ಸ್ಥಾನ ಸಿಗಲಿಲ್ಲ. ಅವು ಸೇರಿದ್ದು ರಣರಂಗದ ವರ್ಣನೆಗೆ. ಪಂಪ, ರನ್ನರ ಕಾಲದಿಂದಲೂ ಕುರುಕ್ಷೇತ್ರದಲ್ಲಿ ಮರುಳುಗಳು ಅಲೆದಾಡುತ್ತವೆ, ಕರುಳು ತೊಡರುತ್ತದೆ, ನೆಣದ ಕೆಸರಿನಲ್ಲಿ ಕಾಲು ಜಾರುತ್ತದೆ. ತಮಿಳಿನಲ್ಲಿ ಜಯಂಗೊಂಡಾರನ ಕಲಿಂಗತ್ತುಪ್ಪರಣಿ ಇದನ್ನು ಇನ್ನೂ ಮುಂದಕ್ಕೆ ಒಯ್ದು ಪಿಶಾಚಿಗಳ ಇಡೀ ಅಡುಗೆಮನೆಯನ್ನೇ ಯುದ್ಧಭೂಮಿಯಲ್ಲಿ ಹೂಡುತ್ತದೆ. ಮನುಷ್ಯರ ಅಡುಗೆಯ ಪದಕೋಶ ಪಿಶಾಚಿಗಳ ಪಾಲಾದದ್ದು ಹೀಗೆ. ಈ ಕವಿಗಳು ಕಟುಕರ ಹಲಗೆಯನ್ನೋ ಬೇಟೆಯ ನೆಲವನ್ನೋ ಚೆನ್ನಾಗಿ ಬಲ್ಲವರಾಗಿದ್ದರೆಂಬುದು ಅವರ ಪದಗಳ ನಿಖರತೆಯಿಂದಲೇ ತಿಳಿಯುತ್ತದೆ.

ಮತ್ತೊಂದು ಆಶ್ರಯ ಭಕ್ತಿಯ ಕಥನ. ಬೇಡರ ಕಣ್ಣಪ್ಪನ ಕಥೆಯನ್ನು ತಮಿಳಿನ ಸೇಕ್ಕಿೞಾರ್, ಕನ್ನಡದ ಹರಿಹರ, ತೆಲುಗಿನ ಧೂರ್ಜಟಿ ಮೂವರೂ ಹೇಳಿದ್ದಾರೆ, ಕ್ಷೇತ್ರ ಕಾಳಹಸ್ತಿ. ಬೇಟೆಯ ಮಾಂಸವನ್ನು ತಾನು ಮೊದಲು ಬಾಯಲ್ಲಿಟ್ಟು ನೋಡಿ ಚೆನ್ನಾಗಿರುವುದನ್ನು ಶಿವನಿಗೆ ಕೊಡುವ ಆ ನಡೆ ಎಂಜಲಿನ ಪ್ರಶ್ನೆಯಾಗಿ ಚರ್ಚೆಗೊಂಡಿರುವುದೇ ಹೆಚ್ಚು. ಪಾಕಶಾಸ್ತ್ರದ ಕಡೆಯಿಂದ ನೋಡಿದರೆ ಅದು ಬೇರೆಯೇ ಆಗಿ ಕಾಣುತ್ತದೆ. ಒಂದೇ ಮಿಕದ ಮೈಯಲ್ಲಿ ಮೃದುವಾದದ್ದೂ ಜಿಗುಟಾದದ್ದೂ ಇರುತ್ತವೆ, ಬೆಂದ ಹದ ತುಂಡಿನಿಂದ ತುಂಡಿಗೆ ಬೇರೆ. ಅದನ್ನು ತಿಳಿಯಲು ನಾಲಗೆಗಿಂತ ಮಿಗಿಲಾದ ಸಾಧನ ಬೇಟೆಗಾರನ ಬಳಿ ಇರಲಿಲ್ಲ. ಒಳ್ಳೆಯ ಪಾಲು ಯಾರಿಗೆ ಸಲ್ಲಬೇಕೆಂಬ ಬೇಟೆಯ ಮೂಲಪ್ರಶ್ನೆಗೆ ಅವನು ಕೊಟ್ಟ ಉತ್ತರವೇ ಅವನ ಭಕ್ತಿ. ಪಾಲಿನ ಮಾತು ಬಂದುದರಿಂದ ಆತಕೂರಿನ ಶಾಸನವನ್ನೂ ನೆನೆಯಬಹುದು. ಶಕ 872ರ, ಎಂದರೆ ಕ್ರಿ.ಶ. 949–50ರ ಆ ಕಲ್ಲು ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಕಾದಾಡಿ ಅದನ್ನು ಕೊಂದು ತಾನೂ ಸತ್ತುದನ್ನು ಹೇಳುತ್ತದೆ. ನಾಯಿಯ ನೆನಪಿಗೆ ಭೂಮಿ ಬಿಟ್ಟುದು ಅಲ್ಲಿ ದಾಖಲಾಗಿದೆ.

ರಾಯದುರ್ಗ, ಆದವಾನಿ, ಆಲೂರುಗಳು 1953ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಕಾಸರಗೋಡು 1956ರಲ್ಲಿ ಕೇರಳಕ್ಕೆ. ಶಾಲೆ, ಕಚೇರಿ, ಆಸ್ಪತ್ರೆಗಳ ಭಾಷೆ ಬದಲಾದುದು ಆಗ. ಬೇಟೆಯ ಅಡುಗೆಯ ಮಟ್ಟಿಗೆ ನಿರ್ಣಾಯಕವಾದ ವರ್ಷ ಮಾತ್ರ 1972. ಆ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯಿದೆ ಅನುಸೂಚಿಗಳಲ್ಲಿರುವ ಪ್ರಾಣಿಗಳ ಬೇಟೆಯನ್ನು ನಿರ್ಬಂಧಿಸಿತು. ಮಾಂಸ ಎಂಬುದಕ್ಕೆ ಅದು ಕೊಟ್ಟ ವ್ಯಾಖ್ಯೆ ಭಾಷಾಧ್ಯಯನದವರ ಗಮನಕ್ಕೂ ಅರ್ಹವಾದದ್ದು: ರಕ್ತ, ಮೂಳೆ, ನರ, ಮೊಟ್ಟೆ, ಕೊಬ್ಬು, ಚರ್ಮವಿರುವ ಅಥವಾ ಇಲ್ಲದ ಮಾಂಸ, ಹಸಿಯಾಗಲಿ ಬೇಯಿಸಿದ್ದಾಗಲಿ, ಎಲ್ಲವೂ ಅದರೊಳಗೆ. ಯಕೃತ್ತು, ಗುಂಡಿಗೆ, ಕರುಳುಗಳ ಹೆಸರು ಆ ಪಟ್ಟಿಯಲ್ಲಿ ಬಿಡಿಯಾಗಿ ಬಂದಿಲ್ಲ. ವ್ಯಾಖ್ಯೆ ಒಳಗೊಳ್ಳುವ ಬಗೆಯದಾದ್ದರಿಂದ ಅವು ತಪ್ಪಿಸಿಕೊಳ್ಳುವುದೂ ಇಲ್ಲ. ಕಾಯಿದೆಗೆ ವಿರುದ್ಧವಾಗಿ ಕೊಂದ ಪ್ರಾಣಿಯೂ ಅದರ ಮಾಂಸವೂ ಸರಕಾರದ ಸ್ವತ್ತು. ಬೆಳೆಗೆ ನುಗ್ಗುವ ಕಾಡುಹಂದಿಯನ್ನು ಕೊಲ್ಲಿಸುವ ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿದಾಗಲೂ ಕಳೇಬರವನ್ನು ಹೂಳಬೇಕು, ತಿನ್ನಕೂಡದು ಎಂಬ ಷರತ್ತು ಉಳಿಯಿತು. ಕಾಸರಗೋಡು, ವಯನಾಡುಗಳ ರೈತರ ಕಣ್ಣೆದುರಿಗೆ ಹಂದಿ ಬೀಳುತ್ತದೆ, ಗುಂಡಿಗೆ ಇಳಿಯುತ್ತದೆ. ಅದರ ಒಳಾಂಗಗಳನ್ನು ಹೆಸರಿಸುವ ಸಂದರ್ಭವೇ ಬರುವುದಿಲ್ಲ. ಕಾಯಿದೆಯ ಅಗತ್ಯವನ್ನು ಪ್ರಶ್ನಿಸಬೇಕಾಗಿಲ್ಲ. ಸೋಲಾಪುರದ ಬಳಿಯ ನಾನ್ನಜ್ ಅಭಯಾರಣ್ಯದಲ್ಲಿ ಚಿಗರಿಯ ಹಿಂಡು ಇಂದಿಗೂ ಓಡಾಡುತ್ತಿರುವುದಕ್ಕೆ ಇಂಥ ರಕ್ಷಣೆಯೂ ಕಾರಣ. ಆದರೆ ಪ್ರಾಣಿ ಉಳಿದು ಅದನ್ನು ಬಲ್ಲ ಮಾತು ಅಳಿಯುತ್ತಿರುವುದೂ ಅಷ್ಟೇ ನಿಜ. 1972ಕ್ಕೆ ಮೊದಲು ದೊಡ್ಡವರೊಡನೆ ಕಾಡಿಗೆ ಹೋಗಿದ್ದ ಹುಡುಗರಿಗೆ ಈಗ ಮುಪ್ಪು ಬಂದಿದೆ.

ಕ್ಷೇತ್ರಕಾರ್ಯಕ್ಕೆ ಇದರಿಂದ ಬರುವ ತೊಡಕು ವಿಚಿತ್ರವಾದದ್ದು. ಕಡವೆಯ ಯಕೃತ್ತನ್ನು ಹೇಗೆ ಬೇಯಿಸುತ್ತಿದ್ದಿರಿ ಎಂದು ವೃದ್ಧರೊಬ್ಬರನ್ನು ಕೇಳುವುದು ಭಾಷಾವಿಜ್ಞಾನದ ಪ್ರಶ್ನೆಯಂತೆ ಕಂಡರೂ ಕೇಳಿಸಿಕೊಂಡವರಿಗೆ ಅದು ಅರಣ್ಯ ಇಲಾಖೆಯ ವಿಚಾರಣೆ. ಉತ್ತರವಾಗಿ ಬರುವುದು ಮೌನ, ಇಲ್ಲವೇ ಆಡಿನ ಅಡುಗೆಯ ವಿವರ. ಮೌನವನ್ನು ಪದವಿಲ್ಲವೆಂದೂ ಆಡಿನ ವಿವರವನ್ನು ಬೇಟೆಯ ವಿವರವೆಂದೂ ದಾಖಲಿಸಿದರೆ ಎರಡೂ ತಪ್ಪಾಗುತ್ತವೆ. ಧ್ವನಿಮುದ್ರಣದಲ್ಲಿ ಹೆಸರು, ಊರು, ವರ್ಷಗಳನ್ನು ಉಳಿಸಿಕೊಳ್ಳುವ ರೂಢಿಯನ್ನು ಇಂಥ ವಿಷಯದಲ್ಲಿ ಬಿಟ್ಟುಬಿಡುವುದೇ ಲೇಸು. ಮಾಹಿತಿದಾರರಿಗೆ ಅಪಾಯ ತರುವ ನಿಖರತೆ ಯಾವ ಕೋಶಕ್ಕೂ ಬೇಡ.

ಕಾನೂನಿನ ಅಡ್ಡಿಯಿಲ್ಲದ ದಾರಿಯೊಂದಿದೆ: ಜಾತ್ರೆಯ ಮರುದಿನವೋ ಹಬ್ಬದ ಬೆಳಿಗ್ಗೆಯೋ ಆಡು ಕೊಯ್ಯುವ ಹಲಗೆಯ ಪಕ್ಕದಲ್ಲಿ ನಿಂತು, ಒಳಾಂಗಗಳು ಹೊರಬರುವ ಅನುಕ್ರಮದಲ್ಲೇ ಹೆಸರುಗಳನ್ನು ಬರೆದುಕೊಳ್ಳುವುದು. ಮೊದಲು ಏನು ಕೈಗೆ ಬಂತು, ಅದು ಯಾವುದರ ಜೊತೆಗೆ ಬಂತು, ಯಾರು ಬಿಡಿಸಿದರು, ಯಾವುದನ್ನು ಎಸೆದರು, ಯಾವುದು ಯಾರ ಮನೆಗೆ ಹೋಯಿತು, ಯಾವುದನ್ನು ಮೊದಲು ಬೇಯಿಸಿದರು ಎಂಬುದನ್ನು ಪದದ ಜೊತೆಗೆ ಬರೆಯದಿದ್ದರೆ ಕರುಳು ಎಂಬ ನಮೂದು ಕಾಸರಗೋಡಿನಲ್ಲೂ ಮಡಕಶಿರದಲ್ಲೂ ಒಂದೇ ಆಗಿ ಕಾಣುತ್ತದೆ. ಗೊಂಚಲಿಗೆ ಒಟ್ಟು ಹೆಸರೊಂದು ಇದೆಯೇ ಎಂದು ಬೇರೆಯಾಗಿ ಕೇಳಬೇಕು. ಒಂದೊಂದು ಅಂಗವನ್ನು ಚಿತ್ರದಲ್ಲಿ ತೋರಿಸಿ ಕೇಳಿದರೆ ಆ ಹೆಸರು ಎಂದಿಗೂ ಹೊರಬರದು. ಆಡು ಹೇಳಲಾರದ ಸಂಗತಿಗಳೂ ಉಳಿಯುತ್ತವೆ: ಸುಟ್ಟ ಹಂದಿಯ ಚರ್ಮ, ಒಂದೇ ಕೋಣೆಯ ಅದರ ಹೊಟ್ಟೆ, ಪಿತ್ತಕೋಶವಿಲ್ಲದ ಕಡವೆಯ ಯಕೃತ್ತು. ಆಡಿನ ಹಸಿರು ಚೀಲವನ್ನು ಬಿಡಿಸಿ ಎಸೆಯುವ ಹೊತ್ತಿಗೆ, ಎಲ್ಲ ಪ್ರಾಣಿಗೂ ಇದು ಇರುತ್ತದೆಯೇ ಎಂದು ಕೇಳಿ ಸುಮ್ಮನಾಗಬಹುದು. ಕಾಡನ್ನು ಕಂಡವರು ಅಲ್ಲಿದ್ದರೆ ಇಲ್ಲವೆಂದು ತಾವಾಗಿಯೇ ಹೇಳುತ್ತಾರೆ, ಯಾವುದಕ್ಕೆ ಇಲ್ಲವೆಂಬುದನ್ನೂ ಹೇಳುತ್ತಾರೆ.